ರಾತ್ರಿ ಎರಡು ಗಂಟೆ ಬಿಪಿ

ನರ್ಸಿಂಗ್ ಓದಿದವ್ರಿಗೆ ಹೈಂಜ್ ಕಥಿ ಗೊತ್ತಿರ್ತೈತಿ. ಹೆಂಡ್ತಿ ಸಾಯಾಕತ್ತಾಳ, ಔಷಧಿ ಮಾಡಾಂವ ಖರ್ಚಿಗಿಂತ ಹತ್ತು ಪಟ್ಟು ರೊಕ್ಕ ಕೇಳ್ತಾನ, ಗಂಡನ ಕಡೆ ಅಷ್ಟಿಲ್ಲ, ಕದೀಬೇಕೋ ಬ್ಯಾಡೋ? ಕದೀಬೇಕಂದ್ರೂ ಬ್ಯಾಡಂದ್ರೂ ನಡೀತೈತಿ, ಯಾಕ ಹಂಗಂತಿ ಅನ್ನೂದನ್ನ ನೋಡಿ, ಮನಷ್ಯಾನ ನೀತಿ ವಿಚಾರ ಯಾವ ಮೆಟ್ಟಲದಾಗೈತಿ ಅಂತ ಹೇಳ್ತಿದ್ದ ಅಮೆರಿಕಾದ ಮನಃಶಾಸ್ತ್ರಜ್ಞ ಕೋಲ್‌ಬರ್ಗ್. ಶಿಕ್ಷಾ ಆಗ್ತೈತಿ ಅಂತ ಅಂಜೂದು ಎಲ್ಲಾಕಿಂತ ಕೆಳಗಿನ ಮೆಟ್ಟಲ, ಮಂದಿ ಕಡೆ ಛಲೋ ಅನಿಸ್ಕೊಳ್ಳೂದು, ರೂಲ್ಸ್ ಪಾಲಿಸೂದು ನಡುವ, ರೂಲ್ಸಿಗಿಂತ ದೊಡ್ಡ ತತ್ವ ತುದಿಗೆ, ಒಟ್ಟ ಆರು. ಪರೀಕ್ಷಾದಾಗ ಆರೂ ಬರದು ಮಾರ್ಕ್ಸ್ ತಗೊಂಡೀನಿ.

ನಾ ಎಷ್ಟನೇ ಮೆಟ್ಟಲದಾಗ ನಿಂತೀನಿ ಅಂತ ತಿಳದಿದ್ದು ವಿಜಯಪುರದಾಗ ಕೆಲಸಕ್ಕ ಸೇರಿದ ವರ್ಷ. ನೈಟ್ ಡ್ಯೂಟಿ, ವಾರ್ಡಿಗೆ ಇಬ್ರೇ ಸಿಸ್ಟರ್, ಅದ್ರಾಗ ಒಬ್ಬಾಕಿ ಸೀರಿಯಸ್ ಪೇಶಂಟ್ ಹಿಡ್ಕೊಂಡು ಐಸಿಯುಗೆ ಹೋಗಿದ್ಲು. ಪ್ರಾಸ್ಟೇಟ್ ಆಪರೇಷನ್ ಆಗಿದ್ದ ಇಂಡಿ ಕಡೆ ಅಜ್ಜಂದು ಹತ್ತಕ್ಕ ಬಿಪಿ 124/80 ಇತ್ತು, ಎರಡಕ್ಕ ನಾ 120/80 ಅಂತ ಬರದೆ. ತೋಳಿಗೆ ಬಿಪಿ ಪಟ್ಟಿ ಕಟ್ಟಿರ್ಲೇ ಇಲ್ಲ. ಕುರ್ಚಿ ಮ್ಯಾಲೆ ಕುಂತು ಎಲ್ಲಾರ ಚಾರ್ಟ್ ಒಂದ ಕೈಲೆ ತುಂಬಿಸಿದ್ದೆ, ಹಂಗ ಮಾಡೂದು ಅಲ್ಲಿ ಹೊಸಾದೂ ಅಲ್ಲ.

ಆರಕ್ಕ ನೋಡಿದ್ರ 86/50, ಬ್ಯಾಗಿನ್ಯಾಗಿನ ಮೂತ್ರ ಕೆಂಪಗ. ಡಾಕ್ಟ್ರು ಓಡಿ ಬಂದ್ರು, ಚಾರ್ಟ್ ನೋಡಿ "ಎರಡಕ್ಕ ನಾರ್ಮಲ್ ಐತಲ್ಲ, ಅಂದ್ರ ಈಗೀಗ ಬಿದ್ದೈತಿ" ಅಂದ್ರು. ನಾ ಸುಮ್ನ ನಿಂತೆ. ಆ ಹೊತ್ನ್ಯಾಗ ಅಜ್ಜನ ಚಿಂತಿಗಿಂತ ನೌಕರಿ ಚಿಂತಿನೇ ಹೆಚ್ಚಿತ್ತು, ಖರೇ ಹೇಳ್ತೀನಿ.

ಸಲೈನ್ ಸ್ಟ್ಯಾಂಡ್ ತರಾಕ ಹೋದಾಗ ಅಜ್ಜಿ, ಮಂಚದ ಕೆಳಗ ಚಾದರ ಹಾಸ್ಕೊಂಡು ರೊಟ್ಟಿ ಗಂಟು ತಲಿಗಿಟ್ಕೊಂಡು ಮಲಗಿದ್ದಾಕಿ, ಮೆಲ್ಲಕ ಅಂದ್ಲು, "ಯವ್ವಾ, ನೀ ರಾತ್ರಿ ಬರ್ಲಿಲ್ಲಲ್ಲ, ನಾ ಎಚ್ಚರನ ಇದ್ದೆ. ಪಾಪ, ನಿನಗೂ ನಿದ್ದಿ ಬಂದಿರ್ಬೇಕು." ಬೈದಿದ್ರ ನಾ ಸುಳ್ಳು ಹೇಳಿ ಬಚಾವ್ ಆಗ್ತಿದ್ನೋ ಏನೋ. ವಾಪಸ್ ಬಂದು ಡಾಕ್ಟ್ರಿಗೆ "ಸರ್, ಎರಡರ ಬಿಪಿ ನಾ ನೋಡಿಲ್ಲ, ಸುಮ್ನ ಬರದೀನಿ" ಅಂದೆ. ಅವ್ರು ನನ್ನ ಮುಖ ನೋಡ್ಲಿಲ್ಲ, ಹಂಗಂದ್ರ ಭಾಳ ಹೊತ್ತಿಂದ ರಕ್ತ ಹೋಗಾಕತ್ತೈತಿ ಅಂತ ಬ್ಲಡ್ ಬ್ಯಾಂಕಿಗೆ ಫೋನ್ ಹಚ್ಚಿದ್ರು. ಎರಡ ಬಾಟ್ಲಿ ರಕ್ತ ಏರ್ತು, ಅಜ್ಜ ಉಳದ. ನನಗ ಮೆಮೋ ಬಂತು.

ಕೋಲ್‌ಬರ್ಗ್ ಹುಡುಗ್ರನ್ನಷ್ಟ ಕೇಳಿ ಮೆಟ್ಟಲ ಕಟ್ಟಿದ, ಇನ್ನೊಬ್ಬರ ಆರೈಕಿ ಮಾಡೂದೂ ನೀತಿನ ಅಂತ ಇನ್ನೊಬ್ಬಾಕಿ ಮನಃಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ 1982ರಾಗ ಬರದ್ಲು. ಆ ಅಜ್ಜಿ ಏನೂ ಓದಿರ್ಲಿಲ್ಲ ಬಿಡ್ರಿ. ಸರಿ ಯಾವ್ದು ಅಂತ ಗೊತ್ತಿದ್ರೂ ವ್ಯವಸ್ಥಾ ಮಾಡಗೊಡೂದಿಲ್ಲ, ಆ ಸಂಕಟಕ್ಕ ನರ್ಸಿಂಗ್ ನೀತಿ ಬಗ್ಗೆ ಪುಸ್ತಕ ಬರದ ಜೇಮ್‌ಟನ್ 1984ರಾಗ ಮಾರಲ್ ಡಿಸ್ಟ್ರೆಸ್ ಅಂತ ಹೆಸರಿಟ್ಟ. ಸ್ಟಾಫ್ ಕಮ್ಮಿ ಇದ್ದಿದ್ದು ಖರೆ, ಬಿಪಿ ನೋಡಾಕ ಆಗದಿದ್ದಿದ್ದೂ ಖರೆ, ಆದ್ರ ಚಾರ್ಟಿನ್ಯಾಗ ಎರಡರ ಕಾಲಂ ಖಾಲಿ ಬಿಡಾಕ ನನಗ್ಯಾರ ಬ್ಯಾಡಂದಿದ್ರು?

ಈಗ ನಾನ ಇನ್‌ಚಾರ್ಜ್. ಹೋದ ತಿಂಗಳ ಹೊಸ ಹುಡುಗಿ ಒಬ್ಬಾಕಿ ಎರಡರ ಕಾಲಂ ಖಾಲಿ ಬಿಟ್ಟು "ಎಮರ್ಜೆನ್ಸಿ ಇತ್ತು, ನೋಡಿಲ್ಲ" ಅಂತ ಬರದಿದ್ಲು. ಆಡಿಟ್ ಬಂದೈತಿ, ತುಂಬಿಸಿಬಿಡ್ರಿ ಅಂತ ಮ್ಯಾಲಿಂದ ಫೋನ್ ಬಂತು. ಪೆನ್ನಿನ ಕ್ಯಾಪ್ ತಗದೆ ಅನ್ರಿ. ಆಮ್ಯಾಲೆ ಆಕಿ ಬರದಿದ್ದರ ಕೆಳಗ ನನ್ನ ಸಹಿ ಮಾಡಿದೆ.