ಹನ್ನೆರಡು ಸೆಕೆಂಡಿನ ಟ್ರ್ಯಾಕ್ಟರ್

"ಈ ಗೋಧಿ ಇನ್ನೂ ಬಲಿತಿಲ್ಲ, ಪುತ್ತ್."

ಅಂಕಲ್‌ಜಿ ಹೀಗೆ ಹೇಳಿದಾಗ ಹೊರಗೆ ಮೊಣಕಾಲುದ್ದ ಹಿಮ ಬಿದ್ದಿತ್ತು. ನಾವು ಮೂವರೂ ಅವರ ಮಗನ ಕಂಪ್ಯೂಟರ್ ಮುಂದೆ ಕೂತಿದ್ದೆವು. ಪರದೆ ತುಂಬ ಬಂಗಾರದ ಬಣ್ಣದ ಗೋಧಿ ಹೊಲ. ನನ್ನ ಕಣ್ಣಿಗೆ ಚೆನ್ನಾಗೇ ಇತ್ತು. ಅಂಕಲ್‌ಜಿ ಮಾತ್ರ ಬೆರಳು ಮುಂದೆ ಮಾಡಿ ತೋರಿಸಿದರು. "ಬಣ್ಣ ಏಪ್ರಿಲ್ ಸುಗ್ಗಿಯದ್ದು, ವೈಶಾಖಿಯದ್ದು, ನಿಂತಿರೋದು ಫೆಬ್ರವರಿ ತೆನೆ ಥರ. ಕಾಳು ತುಂಬಿದ ತೆನೆ ಹೀಗೆ ಸಿಪಾಯಿ ಹಾಗೆ ನಿಲ್ಲುತ್ತಾ? ಕತ್ತು ಬಾಗಬೇಕು."

ಮಗ ತಲೆ ಮೇಲೆ ಕೈ ಇಟ್ಟುಕೊಂಡ. ಒಂದು ಸಿನಿಮಾ ಕಂಪನಿಗೆ ಮಾಡುತ್ತಿದ್ದ ಹನ್ನೆರಡು ಸೆಕೆಂಡಿನ ಲೋಗೋ. ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ 288 ಚಿತ್ರ. ತೆನೆ ಬಗ್ಗಿಸಿದರೆ ಅಷ್ಟನ್ನೂ ಕಂಪ್ಯೂಟರ್ ಮತ್ತೆ ಮೊದಲಿಂದ ಬಿಡಿಸಬೇಕು. ಅಂದರೆ ಇಡೀ ರಾತ್ರಿ ಆ ಫ್ಯಾನಿನ ಗುಂಯ್ ಸದ್ದು. ಅವನ ರೂಮಿನ ಕೆಳಗೇ ನನ್ನ ಹಾಸಿಗೆ.

ನಾನಿರುವುದು ಕೆನಡಾದ ಬ್ರಾಂಪ್ಟನ್‌ನಲ್ಲಿ, ಇವರ ಮನೆಯ ಬೇಸ್‌ಮೆಂಟಿನಲ್ಲಿ. ಪಂಜಾಬಿನ ಮೋಗಾ ಜಿಲ್ಲೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ಅಂಕಲ್‌ಜಿ ಇಲ್ಲಿ ಟ್ರಕ್ ಓಡಿಸುತ್ತಾರೆ. ಮಗ ಗ್ರಾಫಿಕ್ಸ್ ಕೆಲಸದವನು. ಮನೆಯಲ್ಲಿ ಹೆಚ್ಚಾಗಿ ಪಂಜಾಬಿಯನ್ನೇ ಆಡುವವರು ಕೆನಡಾದಲ್ಲಿ ಸುಮಾರು 5 ಲಕ್ಷ 20 ಸಾವಿರ ಎನ್ನುತ್ತದೆ 2021ರ ಜನಗಣತಿ. ಬ್ರಾಂಪ್ಟನ್‌ನಲ್ಲಿ ತರಕಾರಿ ತರಲು ಹೋದರೆ ಬೇರೆ ಭಾಷೆಯವರೆಲ್ಲ ಎಲ್ಲಿ ಹೋದರು ಅನ್ನಿಸುತ್ತದೆ, ಅದು ಬೇರೆ ಮಾತು. ಹಾಗಾಗಿ ಇಲ್ಲಿನ ಥಿಯೇಟರುಗಳಿಗೆ ಪಂಜಾಬಿ ಸಿನಿಮಾ ತಪ್ಪದೆ ಬರುತ್ತದೆ. ಕನ್ನಡದ್ದು ಬಂದರೆ ಒಂದೆರಡು ಶೋ. ಪಂಜಾಬಿಯದ್ದಕ್ಕೆ ಭಾನುವಾರ ಅಜ್ಜಿ, ಮೊಮ್ಮಕ್ಕಳು, ಕೈಗೂಸು ಸಮೇತ ಸಂಸಾರವೇ ಹಾಜರು.

ಸಿನಿಮಾ ಶುರುವಾಗುವ ಮೊದಲು ಲೋಗೋಗಳ ಮೆರವಣಿಗೆ. ಸಿನಿಮಾ ಮಾಡಿದವರದ್ದು, ಜೊತೆಗೆ ದುಡ್ಡು ಹಾಕಿದವರದ್ದು, ಹಾಡು ಮಾರುವವರದ್ದು, ಹೊರದೇಶದಲ್ಲಿ ಹಂಚುವವರದ್ದು. ವಜ್ರೇಶ್ವರಿ, ಈಶ್ವರಿ ಎಂಬ ಹೆಸರು ಕೇಳಿ ಬೆಳೆದ ಕಿವಿ ನನ್ನದು. ಇಲ್ಲಿ ನೋಡಿದರೆ ವೈಟ್ ಹಿಲ್, ಹಂಬಲ್, ರಿದಮ್ ಬಾಯ್ಜ್! ಹಾಡುಗಾರ ಗಿಪ್ಪಿ ಗ್ರೇವಾಲ್ ಕಂಪನಿ ಹಂಬಲ್, ಇನ್ನೊಬ್ಬ ಹಾಡುಗಾರ ಅಮರಿಂದರ್ ಗಿಲ್ ಕಂಪನಿ ರಿದಮ್ ಬಾಯ್ಜ್. ಇಷ್ಟು ಅಚ್ಚ ಹಳ್ಳಿ ಸಿನಿಮಾಕ್ಕೆ ಇಂಗ್ಲಿಷ್ ಹೆಸರು ಯಾಕಪ್ಪಾ ಅಂತ ಮೊದಮೊದಲು ನಗು ಬರುತ್ತಿತ್ತು. ಈಗ ಅನ್ನಿಸುವುದು, ಹಾಡುಗಾರರು ಬರ್ಮಿಂಗ್‌ಹ್ಯಾಮ್, ವ್ಯಾಂಕೂವರ್ ಅಂತ ಊರೂರು ತಿರುಗಿದವರು. ಟಿಕೆಟ್ ಕೊಳ್ಳುವವರು ಎಲ್ಲೆಲ್ಲಿದ್ದಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಈ ಲೋಗೋ ಮಾಡಿಸಿದವರೂ ಇಲ್ಲಿಯವರೇ. ಟ್ರಕ್ ವ್ಯವಹಾರದಲ್ಲಿ ಕೈತುಂಬ ದುಡ್ಡಾಗಿ, ಮೊದಲ ಸಲ ಸಿನಿಮಾಕ್ಕೆ ಇಳಿದವರು. ಹೆಸರು ಬೇಡ ಬಿಡಿ. ಅವರಿಗೆ ಮೊದಲು ಸಿಂಹ ಬೇಕಿತ್ತು. ಆಮೇಲೆ ಗಿಡುಗ. ಆಮೇಲೆ ತಿರುಗುವ ಭೂಮಿ. ಕೊನೆಗೆ ಗೋಧಿ ಹೊಲ, ಟ್ರ್ಯಾಕ್ಟರ್ ಅಂತ ಒಪ್ಪಂದವಾಯಿತು. ಅಕ್ಷರ ಮಾತ್ರ ಚಿನ್ನದ್ದೇ ಆಗಬೇಕು. ಇಂಗ್ಲಿಷ್ ದೊಡ್ಡದಾಗಿ, ಗುರುಮುಖಿ ಕೆಳಗೆ ಚಿಕ್ಕದಾಗಿ. "ನಮ್ಮ ಲಿಪಿ ಯಾಕೆ ಇರುವೆ ಸಾಲಿನ ಹಾಗಿದೆ?" ಅಂತ ಅಂಕಲ್‌ಜಿ ಕೇಳಿದರು. ಇಲ್ಲಿ ಹುಟ್ಟಿದ ಮಕ್ಕಳಿಗೆ ಓದಲು ಬರುವುದಿಲ್ಲ ಅನ್ನುವುದು ಕಂಪನಿಯವರ ವಾದ. ಅಂಕಲ್‌ಜಿ ಮಗನ ಮುಖ ನೋಡಿದರು. ಅವನು ಮೌಸ್ ಕಡೆ ನೋಡಿದ.

ತೆನೆ ಬಗ್ಗಿಸಿ ಆಯಿತು. ಮುಂದಿನ ತಕರಾರು ಟ್ರ್ಯಾಕ್ಟರಿನದ್ದು. ಹೊಲದ ಆಚೆಯಿಂದ ಅದು ಬರುತ್ತದೆ, ಎದ್ದ ಧೂಳೇ ಚಿನ್ನದ ಅಕ್ಷರವಾಗುತ್ತದೆ. ಹಿಂದೆ ತುಂಬಿ ಅನ್ನುವ ಪಂಜಾಬಿ ವಾದ್ಯದ ಒಂದೇ ತಂತಿ ಟುಂಯ್ ಟುಂಯ್ ಅನ್ನುತ್ತದೆ. ಅಂಕಲ್‌ಜಿ ಕಣ್ಣು ಮುಚ್ಚಿ ಕೇಳಿದರು. "ಇದು ನಮ್ಮ ಟ್ರ್ಯಾಕ್ಟರ್ ಅಲ್ಲ." ಸರಿಯಾಗೇ ಹಿಡಿದಿದ್ದರು. ಆ ಸದ್ದು ಇಂಟರ್ನೆಟ್‌ನಿಂದ ಇಳಿಸಿಕೊಂಡಿದ್ದು, ಯಾವುದೋ ಅಮೆರಿಕದ ಗಾಡಿಯದ್ದು.

"ಹಾಗಾದ್ರೆ ಯಾವುದು ಬೇಕು?"

"5911."

ನನಗೆ ತಲೆಬುಡ ತಿಳಿಯಲಿಲ್ಲ. ಅಪ್ಪ ಮಗ ಇಬ್ಬರೂ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು. "ಎಚ್‌ಎಂಟಿ 5911, ಪುತ್ತ್. ನಿಮ್ಮ ಬೆಂಗಳೂರಿನ ಕಂಪನಿ!"

ನಾನು ತುಮಕೂರಿನವನು. ನಮ್ಮೂರಲ್ಲೇ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇತ್ತು, ನಮ್ಮ ದೊಡ್ಡಪ್ಪ ಅಲ್ಲೇ ಕೆಲಸಕ್ಕಿದ್ದರು. ನನ್ನ ತಲೆಯಲ್ಲಿ ಎಚ್‌ಎಂಟಿ ಅಂದರೆ ದಿನಾ ಬೆಳಿಗ್ಗೆ ದೊಡ್ಡಪ್ಪ ಕೀ ಕೊಡುತ್ತಿದ್ದ ಗಡಿಯಾರ. ಕಂಪನಿ ಬೆಂಗಳೂರಲ್ಲಿ ಶುರುವಾಗಿದ್ದು 1953ರಲ್ಲಿ. 1971ರಲ್ಲಿ ಚಂಡೀಗಡದ ಹತ್ತಿರ, ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ತಯಾರಿಸತೊಡಗಿತು. ಆ ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿದ್ದಾಯಿತು. ಕಾರ್ಖಾನೆ ಹೋದರೂ ಪಂಜಾಬಿನಲ್ಲಿ 5911ರ ಹುಚ್ಚು ಇಳಿದಿಲ್ಲ. ಹಾಡುಗಾರ ಸಿಧು ಮೂಸೆವಾಲಾ ತನ್ನ ಹಾಡಿನ ಕಂಪನಿಗೆ 5911 ರೆಕಾರ್ಡ್ಸ್ ಅಂತಲೇ ಹೆಸರಿಟ್ಟಿದ್ದ. ಅವನೂ ಇದೇ ಬ್ರಾಂಪ್ಟನ್‌ನಲ್ಲಿ ಇದ್ದು ಹೋದವನು. 2022ರ ಮೇ 29ರಂದು ಅವನ ಕೊಲೆಯಾಯಿತು. ಎರಡು ದಿನದ ಮೇಲೆ ಮೂಸಾ ಹಳ್ಳಿಯಲ್ಲಿ ಹೆಣ ಸಾಗಿಸಿದ್ದು ಅವನಿಷ್ಟದ 5911 ಮೇಲೇ. ಆ ವಿಡಿಯೋ ತೋರಿಸುವಾಗ ಅಂಕಲ್‌ಜಿ ಸದ್ದು ಕಮ್ಮಿ ಮಾಡಿಕೊಂಡರು.

ಅವತ್ತು ರಾತ್ರಿಯೇ ಮೋಗಾಕ್ಕೆ ಫೋನ್ ಹೋಯಿತು. ಅಲ್ಲಿ ಬೆಳಗಿನ ಜಾವ. ಅಂಕಲ್‌ಜಿಯ ತಮ್ಮ ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಹಳೇ 5911 ಸ್ಟಾರ್ಟ್ ಮಾಡಿಸಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರು. ಮೊದಲು ಚಳಿಗೆ ಕೆಮ್ಮಿದ ಹಾಗೆ ಎರಡು ಸಲ. ಆಮೇಲೆ ಧಡ್ ಧಡ್ ಧಡ್. ನಡುವೆ ಯಾರೋ ಬೈದದ್ದು, ನಾಯಿ ಬೊಗಳಿದ್ದು ಎಲ್ಲ ಸೇರಿತ್ತು. ಮಗ ಬೈಗುಳ ತೆಗೆದ, ನಾಯಿ ತೆಗೆದ. ಕೆಮ್ಮನ್ನೂ ತೆಗೆಯಲು ಹೋದ. "ಅದನ್ನ ಮುಟ್ಟಬೇಡ" ಅಂದರು ಅಂಕಲ್‌ಜಿ.

ಸಿನಿಮಾ ಏಪ್ರಿಲ್‌ನಲ್ಲಿ ಬಂತು. ಮಾತಾಡಿದ ದುಡ್ಡಿನಲ್ಲಿ ಅರ್ಧ ಮಾತ್ರ ಕೈಗೆ ಬಂದಿತ್ತು, ಇವತ್ತಿಗೂ ಅಷ್ಟೇ. ಇನ್ನು ಹೆಸರು? ಲೋಗೋ ಮಾಡಿದವನ ಹೆಸರು ಲೋಗೋದಲ್ಲಿ ಯಾರು ಹಾಕುತ್ತಾರೆ! ಆದರೂ ಎಲ್ಲರೂ ಹೊರಟೆವು. ಹೊಟ್ಟೆ ಸರಿಯಿಲ್ಲ ಅಂತ ಆಂಟಿಜಿ ಒಬ್ಬರು ಮನೆಯಲ್ಲೇ ಉಳಿದರು. ಅಂಕಲ್‌ಜಿ ಹಿಂದಿನ ರಾತ್ರಿಯಷ್ಟೇ ವಿನಿಪೆಗ್‌ನಿಂದ ಬಂದಿದ್ದರು, ಒಂದು ಕಡೆಗೇ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ. ಲೋಗೋ ತಪ್ಪಿಹೋದೀತು ಅಂತ ಅರ್ಧ ಗಂಟೆ ಮೊದಲೇ ನಮ್ಮನ್ನು ಎಳೆದುಕೊಂಡು ಹೋಗಿ ಕೂರಿಸಿದರು. ಜಾಹೀರಾತು ಮುಗಿಯುವುದೇ ಇಲ್ಲ. ಕೊನೆಗೂ ದೀಪ ಆರಿತು. ತೆನೆ ಬಾಗಿತ್ತು. ತುಂಬಿ ಟುಂಯ್ ಅಂತು. 5911 ಎರಡು ಸಲ ಕೆಮ್ಮಿತು. ಹಿಂದಿನ ಸಾಲಿನಲ್ಲಿ ಯಾರೋ "ಓಯ್ ಹೋಯ್!" ಅಂದರು. ನಮ್ಮ ಮುಂದೆ ಒಂದು ಸಂಸಾರ ಪಾಪ್‌ಕಾರ್ನ್ ಹಿಡಿದು ಸೀಟು ಹುಡುಕುತ್ತಿತ್ತು, ಚಿನ್ನದ ಅಕ್ಷರ ಅರ್ಧ ಅವರ ತಲೆಯ ಹಿಂದೆ ಹೋಯಿತು. ಮುಗಿಯಿತು.

ಏನಾದರೂ ಹೇಳುತ್ತಾರೇನೋ ಅಂತ ತಿರುಗಿ ನೋಡಿದರೆ ಅಂಕಲ್‌ಜಿ ಸೀಟಿಗೆ ಒರಗಿಕೊಂಡಿದ್ದರು. ಹೀರೋ ಬರುವಷ್ಟರಲ್ಲಿ ಗೊರಕೆ ಶುರು. ಇಂಟರ್ವೆಲ್‌ಗೂ ಏಳಲಿಲ್ಲ.

ಮನೆಗೆ ಬಂದಾಗ ಆಂಟಿಜಿ ಬಾಗಿಲಲ್ಲೇ ಕೇಳಿದರು, ಪಿಕ್ಚರ್ ಹೇಗಿತ್ತು ಅಂತ.

"ಫಸ್ಟ್ ಕ್ಲಾಸ್," ಅಂದರು ಅಂಕಲ್‌ಜಿ, ಶೂ ಬಿಚ್ಚುತ್ತಾ. "ಸೈಲೆನ್ಸರ್ ಒಂದು ಸ್ವಲ್ಪ ಲೂಸಾಗಿದೆ."