ಈಡಿನ ಲೆಕ್ಕ, ಹದ್ದಿನ ಲೆಕ್ಕ

ದಕ್ಷಿಣ ಲೆಬನಾನಿನಲ್ಲಿ ಸೆಪ್ಟೆಂಬರ್ ತಿಂಗಳ ಬೆಳಗಾಗುವುದು ಕೋವಿಯ ಸದ್ದಿನಿಂದ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಭಾರತದ ಬೆಟಾಲಿಯನ್ನಿನ ಜೊತೆ ಅಲ್ಲಿಗೆ ಹೋಗಿದ್ದ ನಾನು ರೇಡಿಯೊ ಆಪರೇಟರ್. ಹೆಚ್ಚಾಗಿ ರಾತ್ರಿ ಪಾಳಿ. ಗಡಿಯುದ್ದಕ್ಕೂ ಇರುವ ಕಾವಲು ಠಾಣೆಗಳಿಂದ ಬರುವ ವರದಿಗಳನ್ನು ಕೇಳಿಸಿಕೊಂಡು ಲಾಗ್ ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ. ತಲೆಯ ಮೇಲೆ ಹಾದುಹೋದ ಯುದ್ಧವಿಮಾನ, ಮೇಕೆಗಳ ಬೆನ್ನುಹತ್ತಿ ನೀಲಿ ರೇಖೆ (ಲೆಬನಾನ್ ಮತ್ತು ಇಸ್ರೇಲ್ ನಡುವೆ ವಿಶ್ವಸಂಸ್ಥೆ ಗುರುತಿಸಿದ ಗಡಿಗೆರೆ) ದಾಟಿದ ಕುರಿಗಾಹಿ, ಎಲ್ಲೋ ಕೇಳಿದ ಗುಂಡಿನ ಸದ್ದು, ಎಲ್ಲಕ್ಕೂ ಒಂದೊಂದು ಸಾಲು. ಸಮಯ, ದಿಕ್ಕು, ದೂರ. ಅಭಿಪ್ರಾಯಕ್ಕೆ ಅಲ್ಲಿ ಜಾಗವಿಲ್ಲ.

ಆ ವರ್ಷ, ಅಂದರೆ 2019ರಲ್ಲಿ, ಸೆಪ್ಟೆಂಬರ್ ಮೊದಲನೆಯ ದಿನವೇ ಗಡಿಯಲ್ಲಿ ಕ್ಷಿಪಣಿ ಹಾರಿ, ಪ್ರತಿಯಾಗಿ ಶೆಲ್‌ಗಳು ಬಿದ್ದಿದ್ದವು. ಆ ಬಳಿಕ ಬಾಗಿಲು ಜೋರಾಗಿ ಬಡಿದುಕೊಂಡರೂ ಎಲ್ಲರ ಕಿವಿ ನೆಟ್ಟಗಾಗುತ್ತಿತ್ತು. ಅಂಥ ದಿನಗಳಲ್ಲಿ ನಸುಕಿಗೇ ಒಂದರ ಹಿಂದೊಂದು ಈಡು ಕೇಳಿಸತೊಡಗಿದರೆ ಹೊಸದಾಗಿ ಬಂದ ಹುಡುಗರ ಎದೆ ಹೊಡೆದುಕೊಳ್ಳದೆ ಇರುತ್ತದೆಯೇ? ಕಿವಿ ಪಳಗಲು ಸ್ವಲ್ಪ ಕಾಲ ಬೇಕು. ರೈಫಲ್ಲಿನ ಗುಂಡಿನದು ಚಾಟಿ ಬೀಸಿದಂಥ ಸೀಳು ಸದ್ದು. ಬೇಟೆಯ ಕೋವಿಯದು ದಪ್ಪ, ಮೊಂಡು ಸದ್ದು. ಕಣಿವೆಯಲ್ಲಿ ಒಂದಿಷ್ಟು ಹೊತ್ತು ಉರುಳಾಡಿ ಅಡಗುತ್ತದೆ. ಈ ವ್ಯತ್ಯಾಸ ತಿಳಿದ ಮೇಲೆ ಠಾಣೆಯವರು, ‘ಬೇಟೆಯ ಈಡು, ನಾಲ್ಕು, ಈಶಾನ್ಯಕ್ಕೆ, ಸುಮಾರು ಒಂದು ಕಿಲೋಮೀಟರ್’ ಎಂದು ನಿರ್ವಿಕಾರವಾಗಿ ಹೇಳುತ್ತಾರೆ. ನಾವೂ ಅಷ್ಟೇ ನಿರ್ವಿಕಾರವಾಗಿ ಬರೆದುಕೊಳ್ಳುತ್ತೇವೆ.

2006ರ ಭದ್ರತಾ ಮಂಡಳಿಯ 1701ನೇ ನಿರ್ಣಯದ ಪ್ರಕಾರ ಲಿಟಾನಿ ನದಿಯಿಂದ ನೀಲಿ ರೇಖೆಯವರೆಗಿನ ನೆಲದಲ್ಲಿ ಲೆಬನಾನ್ ಸರ್ಕಾರದ ಮತ್ತು ವಿಶ್ವಸಂಸ್ಥೆಯ ಪಡೆಗಳ ಹೊರತು ಬೇರೆ ಯಾರ ಆಯುಧವೂ ಇರುವಂತಿಲ್ಲ. ಬೇಟೆಗಾರರಿಗೆ ಇದನ್ನು ತಿಳಿಸಿ ಹೇಳುವವರು ಯಾರು? ತೊಂಬತ್ತರ ದಶಕದ ಮಧ್ಯದಿಂದ ಆ ದೇಶದಲ್ಲಿ ಬೇಟೆಗೆ ನಿಷೇಧವಿತ್ತು, ಕಾಗದದ ಮೇಲೆ. 2017ರಲ್ಲಿ ಪರವಾನಗಿಯ ಮೇಲೆ ಮತ್ತೆ ಬೇಟೆಯ ಋತು ತೆರೆಯಿತು. ಹೊಡೆಯಬಹುದಾದ ಹಕ್ಕಿಗಳ ಪಟ್ಟಿಯೊಂದನ್ನು ಮಾಡಿದ್ದರು. ಹದ್ದು, ಗಿಡುಗ, ಕೊಕ್ಕರೆ ಅದರಲ್ಲಿ ಇರಲಿಲ್ಲ. ಪಟ್ಟಿ ಓದಿಕೊಂಡು ಕೋವಿ ಎತ್ತುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಬೇಟೆಗಾರರು ಅಲ್ಲಿಗೇ ಬಂದು ಸೇರುವುದಕ್ಕೆ ಕಾರಣವಿದೆ. ಹದ್ದು, ಕೊಕ್ಕರೆ, ಹೆಜ್ಜಾರ್ಲೆಗಳಂಥ ಭಾರದ ಹಕ್ಕಿಗಳು ರೆಕ್ಕೆ ಬಡಿಯುತ್ತಲೇ ಖಂಡಗಳನ್ನು ದಾಟುವುದಿಲ್ಲ. ನೆಲ ಕಾದು ಮೇಲೇಳುವ ಬಿಸಿಗಾಳಿಯ ಸುಳಿಯಲ್ಲಿ ಸುತ್ತುತ್ತ ಸುತ್ತುತ್ತ ಏರಿ, ತುದಿಯಿಂದ ಜಾರುತ್ತ ಮುಂದಿನ ಸುಳಿಯನ್ನು ಹಿಡಿಯುತ್ತವೆ. ಸಮುದ್ರದ ಮೇಲೆ ಅಂಥ ಸುಳಿ ಏಳುವುದಿಲ್ಲ. ಹಾಗಾಗಿ ಪೂರ್ವ ಯುರೋಪಿನಿಂದ ಆಫ್ರಿಕಾಕ್ಕೆ ಹೊರಟ ಹಕ್ಕಿಗಳು ಮೆಡಿಟರೇನಿಯನ್ ಸಮುದ್ರವನ್ನು ಬಳಸಿಕೊಂಡು ಟರ್ಕಿಯ ಮೇಲಿಂದ ಬಂದು, ಈ ಬೆಟ್ಟಗಳ ನಡುವಿನ ಕಿರಿದಾದ ಹಾದಿಯಲ್ಲಿ ಒತ್ತೊತ್ತಾಗಿ ಇಳಿಯುತ್ತವೆ. ರಿಫ್ಟ್ ಕಣಿವೆ ಮತ್ತು ಕೆಂಪು ಸಮುದ್ರದ ಗುಂಟ ಸಾಗುವ ಈ ದಾರಿಯಲ್ಲಿ ವರ್ಷಕ್ಕೆ 15 ಲಕ್ಷಕ್ಕೂ ಹೆಚ್ಚು ಇಂಥ ತೇಲುಹಕ್ಕಿಗಳು ಹೋಗುತ್ತವೆ. ಗಡಿಯ ಆಚೆ ಇಸ್ರೇಲಿನವರಿಗೆ ಇದು ಯುದ್ಧವಿಮಾನಗಳ ಪ್ರಶ್ನೆಯೂ ಆಯಿತು. ಹಕ್ಕಿ ಬಡಿದು ವಿಮಾನಗಳು ಬೀಳತೊಡಗಿದಾಗ, ಎಂಬತ್ತರ ದಶಕದಲ್ಲಿ ಯೋಸಿ ಲೆಶೆಮ್ ಎಂಬ ಪಕ್ಷಿತಜ್ಞರು ಮೋಟಾರ್ ಗ್ಲೈಡರ್‌ನಲ್ಲಿ ಹಕ್ಕಿಗಳ ಜೊತೆಗೇ ಹಾರಿ, ರೇಡಾರ್ ನೋಡಿ, ಅವುಗಳ ದಾರಿ, ಎತ್ತರ, ದಿನಗಳನ್ನೆಲ್ಲ ಗುರುತು ಹಾಕಿಕೊಟ್ಟರು. ನಮ್ಮ ಬೆಟಾಲಿಯನ್ನಿನ ಕೇಂದ್ರವಿದ್ದ ಇಬೆಲ್ ಅಸ್-ಸಾಕಿ ಕೂಡ ಪಕ್ಷಿವೀಕ್ಷಕರ ನಕ್ಷೆಯಲ್ಲಿ ಮುಖ್ಯ ತಾಣ. ಊರಿನವರು ತಮ್ಮ ಪೈನ್ ತೋಪನ್ನೂ ಸುತ್ತಲ ನೆಲವನ್ನೂ ‘ಹಿಮಾ’ ಎಂದು ಕಾಯ್ದಿಟ್ಟಿದ್ದಾರೆ. ಸಮುದಾಯವೇ ನಿಯಮ ಮಾಡಿ ತಾನೇ ಕಾಯುವ ಹಳೆಯ ಅರಬ್ ಪದ್ಧತಿ ಅದು. ಅದರೊಳಗೆ ಕೋವಿ ಒಯ್ಯುವಂತಿಲ್ಲ.

ನಾನಿದ್ದುದು ಗಡಿಗೆ ಹತ್ತಿರದ ಒಂದು ಕಂಪನಿ ಠಾಣೆಯಲ್ಲಿ. ಯಾವುದು ಎಂದು ಬರೆಯುವುದು ಬೇಡ. ಪೂರ್ವಕ್ಕೆ 2,814 ಮೀಟರ್ ಎತ್ತರದ ಹರ್ಮೋನ್ ಪರ್ವತ, ಕೆಳಗೆ ಹಸ್ಬಾನಿ ನದಿಯ ಕಣಿವೆ. ಒಬ್ಬೊಬ್ಬರೇ ಬೇಲಿಯಾಚೆ ಹೋಗುವಂತಿಲ್ಲವಾದ್ದರಿಂದ ನನ್ನ ಹಕ್ಕಿ ನೋಡುವ ಜಾಗ ನೀರಿನ ಟ್ಯಾಂಕಿನ ಕಟ್ಟೆ. ಪಾಳಿ ಮುಗಿಸಿ, ಚಹಾದ ಲೋಟ ಹಿಡಿದು ಅಲ್ಲಿಗೆ ಹತ್ತುತ್ತಿದ್ದೆ. ಎದುರಿನ ಅಂಜೂರದ ಮರದಲ್ಲಿ ಕಣ್ಣಿನ ಸುತ್ತ ಬಿಳಿಯ ಉಂಗುರವಿರುವ ಪಿಕಳಾರ, ಬೇಲಿಯ ಮೇಲೆ ಸೂರಕ್ಕಿ, ಕಲ್ಲುಗುಡ್ಡೆಯ ಹಿಂದೆ ಕೌಜುಗದ ಕರೆ. ಕ್ಯಾಮೆರಾ ಮುಟ್ಟುವಂತೆಯೇ ಇರಲಿಲ್ಲ. ದುರ್ಬೀನಿಗೆ ಕಂಪನಿ ಕಮಾಂಡರ್ ಒಪ್ಪಿಗೆ ಕೊಟ್ಟಿದ್ದರು, ಒಂದು ಷರತ್ತಿನ ಮೇಲೆ: ದಕ್ಷಿಣಕ್ಕೆ ತಿರುಗಿಸಕೂಡದು. ಗಡಿಯಲ್ಲಿ ಯಾರು ಯಾರ ಕಡೆ ದುರ್ಬೀನು ಹಿಡಿದರು ಎಂಬುದನ್ನೂ ಯಾರೋ ಬರೆದಿಡುತ್ತಿರುತ್ತಾರೆ. ಹೀಗಾಗಿ ಉತ್ತರದಿಂದ ಬರುವ ಹಕ್ಕಿಗಳೆಲ್ಲ ನನ್ನವು. ನೆತ್ತಿ ದಾಟಿದ ಮೇಲೆ ಬರಿಗಣ್ಣಿಗೆ ಕಂಡಷ್ಟೇ ಭಾಗ್ಯ. ಚೌಕಾಸಿ ಮಾಡಲು ಹೋಗಲಿಲ್ಲ.

ಒಂದು ರಾತ್ರಿ ಲಾಗ್ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿಹಾಕುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನಸುಕಿನಲ್ಲಿ ಈಡುಗಳು ಯಾವಾಗಲೂ ಹೆಚ್ಚು. ಅವು ನೆಲಗುಬ್ಬಿಯಂಥ ಸಣ್ಣ ಹಕ್ಕಿಗಳ ಮೇಲೆ. ಏಳು ಗಂಟೆಯ ಹೊತ್ತಿಗೆ ಸದ್ದಡಗುತ್ತದೆ. ಆದರೆ ಕೆಲವು ದಿನ ಎಂಟೂವರೆಗೆ ಮತ್ತೆ ಶುರುವಾಗಿ ಹತ್ತರವರೆಗೆ ನಡೆದಿರುತ್ತಿತ್ತು. ನನ್ನ ಜೇಬಿನ ಪುಸ್ತಕ ತೆಗೆದು ಪಕ್ಕದಲ್ಲಿಟ್ಟೆ. ಅವೇ ದಿನಗಳಲ್ಲಿ ನಾನು ಹದ್ದುಗಳನ್ನು ಎಣಿಸಿ ಸೋತಿದ್ದೆ. ಇರುಳು ಮರಗಳಲ್ಲಿ ತಂಗಿದ ಹದ್ದುಗಳಿಗೆ ನೆಲ ಕಾಯುವ ತನಕ ಮೇಲೇರಲು ಆಗುವುದಿಲ್ಲ. ಎಂಟೂವರೆ, ಒಂಬತ್ತರ ಹೊತ್ತಿಗೆ ಅವು ತೀರ ತಗ್ಗಿನಲ್ಲಿ ಸುತ್ತುತ್ತಿರುತ್ತವೆ. ಕೋವಿಗೆ ಎಟಕುವುದು ಆ ಸ್ವಲ್ಪ ಹೊತ್ತು ಮಾತ್ರ. ಹಕ್ಕಿ ಎಣಿಸಲು ಇದಕ್ಕಿಂತ ಹೊಲಸು ವಿಧಾನ ಇರಲಾರದು. ಆದರೂ ಅದು ಕರಾರುವಾಕ್ಕಾಗಿತ್ತು. ಆ ಮೇಲೆ ಠಾಣೆಗಳಿಂದ ಬರುವ ವರದಿ ನನಗೆ ಬೇರೆಯಾಗಿಯೇ ಕೇಳಿಸತೊಡಗಿತು. ‘ಈಡು, ಮೂರು’ ಎಂದರೆ ಬರೆಯುವ ಮೊದಲು ಗಡಿಯಾರದ ಕಡೆ ನೋಡುತ್ತಿದ್ದೆ.

ಸೆಪ್ಟೆಂಬರ್ ಕೊನೆಯ ವಾರದ ಆ ದಿನ ಎರಡನೆಯ ಸುತ್ತಿನ ಈಡು ಶುರುವಾದಾಗ ನಾನು ಕಟ್ಟೆಯ ಮೇಲೆಯೇ ಇದ್ದೆ. ಉತ್ತರದ ದಿಣ್ಣೆಯ ಹಿಂದಿನಿಂದ ಕಿರು ಚುಕ್ಕೆ ಹದ್ದುಗಳು ಎದ್ದವು. ಹೆಸರು ಕಿರು, ರೆಕ್ಕೆಯ ಹರವು ಒಂದೂವರೆ ಮೀಟರ್. ಈ ಜಾತಿಯ ಹದ್ದುಗಳಲ್ಲಿ ಬಹುಪಾಲು ಇದೇ ದಾರಿಯಲ್ಲಿ ಆಫ್ರಿಕಾದ ದಕ್ಷಿಣ ಭಾಗಕ್ಕೆ ಹೋಗುತ್ತವೆ, ಇಲ್ಲಿಂದ ಹಾದುಹೋಗುವುದು ಹೆಚ್ಚುಕಡಿಮೆ ಎರಡೇ ವಾರಗಳಲ್ಲಿ. ಮೊದಲು ಐದಾರು, ಆಮೇಲೆ ಇಪ್ಪತ್ತು, ನೋಡನೋಡುತ್ತಿದ್ದಂತೆ ಸುಳಿಯೊಳಗೆ ಸುಳಿ ಕೂಡಿಕೊಂಡು ಆಕಾಶವೇ ತಿರುಗತೊಡಗಿತು. ಕಂದು ಮೈ, ಹಿಂಭಾಗದ ಗರಿಗಳಿಗಿಂತ ತುಸು ತಿಳಿಯಾದ ರೆಕ್ಕೆಯ ಮುಂಭಾಗ, ಮಣಿಕಟ್ಟಿನಲ್ಲಿ ಮಾಸಲು ಬಿಳಿಯ ಗೀರು. ಇನ್ನೂರು ದಾಟಿದ ಮೇಲೆ ಎಣಿಕೆ ಕೈಬಿಟ್ಟೆ. ಮೇಲಿನವು ಜಾರಿ ಹೊರಟರೂ ಕೆಳಗಿನಿಂದ ಹೊಸವು ಸೇರಿಕೊಳ್ಳುತ್ತಲೇ ಇದ್ದವು. ಕಾವಲು ಗೋಪುರದಲ್ಲಿದ್ದ ಸಂತ್ರಿ ಕೂಡ ಕತ್ತೆತ್ತಿ ನಿಂತುಬಿಟ್ಟಿದ್ದ. ಈಡು ನಿಂತಿರಲಿಲ್ಲ. ಒಂದು ಹದ್ದು ಸುತ್ತುವುದನ್ನು ಬಿಟ್ಟು ಓರೆಯಾಗಿ ದಿಣ್ಣೆಯಾಚೆ ಇಳಿದದ್ದು ದುರ್ಬೀನಿನಲ್ಲಿ ಕಂಡಿತು.

ಮಧ್ಯಾಹ್ನ ನಿದ್ದೆಯಲ್ಲಿದ್ದವನನ್ನು ಯಾರೋ ಎಬ್ಬಿಸಿದರು. ನಮ್ಮ ಪಶುವೈದ್ಯ ತಂಡಕ್ಕೆ ಆ ಕಡೆಯ ಹಳ್ಳಿಗಳಲ್ಲಿ ಬಹಳ ಒಳ್ಳೆಯ ಹೆಸರಿತ್ತು. ಮೇಕೆಗೆ ಜ್ವರ ಬಂದರೂ ಹಸು ಈಯಲಾರದೆ ಒದ್ದಾಡಿದರೂ ಜನ ಭಾರತದ ಡಾಕ್ಟರರನ್ನೇ ಕೇಳಿಕೊಂಡು ಬರುತ್ತಿದ್ದರು. ಅಂದು ಕುರಿಗಾಹಿಯೊಬ್ಬ ಗೋಣಿಚೀಲ ಹೊತ್ತು ಬಂದಿದ್ದ. ಒಳಗೆ ಕಿರು ಚುಕ್ಕೆ ಹದ್ದು. ಬೆಳಿಗ್ಗೆ ಇಳಿದದ್ದು ಇದೇ ಹದ್ದು ಎಂದು ಹೇಳಲಾರೆ; ಅಂದು ಎಷ್ಟು ಬಿದ್ದಿದ್ದವೋ. ಹಕ್ಕಿಯ ಹುಚ್ಚಿನವನು ನಾನೊಬ್ಬನೇ ಎಂಬ ಕಾರಣಕ್ಕೆ ಡಾಕ್ಟರ್ ಸಾಹೇಬರು ನನಗೆ ಹೇಳಿಕಳುಹಿಸಿದ್ದರು. ‘ಕುದುರೆ, ನಾಯಿ, ಹೇಸರಗತ್ತೆ ಎಲ್ಲ ನೋಡಿದ್ದೇನೆ. ಇದನ್ನು ಎಲ್ಲಿ ಹಿಡಿಯಬೇಕು ಹೇಳು’ ಎಂದರು. ನನಗೆ ಹದ್ದನ್ನು ದೂರದಿಂದ ಹಿಡಿಯುವುದು ಮಾತ್ರ ಗೊತ್ತಿತ್ತು.

ಬಗೆಹರಿಸಿದವನು ಕಝಾಕಿಸ್ತಾನದ ಸೈನಿಕ. ಹಿಂದಿನ ವರ್ಷದಿಂದ ಆ ದೇಶದ ತುಕಡಿಯೊಂದು ನಮ್ಮ ಬೆಟಾಲಿಯನ್ನಿನೊಂದಿಗೇ ಕೆಲಸ ಮಾಡುತ್ತಿತ್ತು. ಹೊನ್ನ ಹದ್ದನ್ನು ಪಳಗಿಸಿ ನರಿ ಬೇಟೆಯಾಡುವ ನಾಡಿನವರು ಅವರು. ಇವನ ಮಾವನೂ ಒಂದನ್ನು ಸಾಕಿದ್ದನಂತೆ. ಯಾರನ್ನೂ ಕೇಳದೆ ಮುಂದೆ ಬಂದು, ಮೊದಲು ಎರಡೂ ಕಾಲುಗಳನ್ನು ಒಟ್ಟಿಗೆ ಗಟ್ಟಿಯಾಗಿ ಹಿಡಿದ. ‘ಕೊಕ್ಕಿಗಲ್ಲ, ಉಗುರಿಗೆ ಹೆದರಬೇಕು’ ಎಂದು ಅಭಿನಯಿಸಿ ತೋರಿಸಿದ. ನಂತರ ಹೊಸ ಕಾಲುಚೀಲವೊಂದರ ತುದಿ ಕತ್ತರಿಸಿ, ಕೊಕ್ಕು ಹೊರಗಿರುವಂತೆ ಅದರ ತಲೆಗೆ ಏರಿಸಿದ. ಅಷ್ಟು ಹೊತ್ತು ಬುಸುಗುಟ್ಟುತ್ತಿದ್ದ ಹಕ್ಕಿ ಕಣ್ಣಿಗೆ ಕತ್ತಲಾದೊಡನೆ ಸುಮ್ಮನಾಯಿತು. ಡಾಕ್ಟರ್ ರೆಕ್ಕೆಯನ್ನು ಇಂಚಿಂಚಾಗಿ ಒತ್ತಿ ನೋಡಿದರು. ಮೂಳೆ ಮುರಿದಿರಲಿಲ್ಲ. ಮಾಂಸದಲ್ಲಿ ಎರಡು ಚರೆ. ತೆಗೆದು ಸ್ಟೀಲ್ ಬಟ್ಟಲಿಗೆ ಹಾಕಿದಾಗ ಟಣ್ ಎಂದವು. ಕುರಿಗಾಹಿ ಬಗ್ಗಿ ನೋಡಿ, ಚರೆಯ ಗಾತ್ರ ಹೇಳಿ, ಯಾವ ಕಡೆಯವರು ಇಂಥ ತೋಟಾ ಬಳಸುತ್ತಾರೆ ಎಂದು ದುಭಾಷಿಗೆ ವಿವರಿಸತೊಡಗಿದ. ಆ ಮಾತನ್ನು ಅಲ್ಲಿಗೇ ನಿಲ್ಲಿಸಿದೆವು. ಶಾಂತಿಪಾಲಕರಿಗೆ ಕೆಲವು ಸಂಗತಿಗಳು ತಿಳಿಯದಿರುವುದೇ ವಾಸಿ.

ರೆಕ್ಕೆಯನ್ನು ಮೈಗೆ ಸೇರಿಸಿ ಕ್ರೇಪ್ ಬ್ಯಾಂಡೇಜ್ ಸುತ್ತಿ, ಗಾಳಿಗೆ ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಅದನ್ನು ಕೂರಿಸಿದ್ದಾಯಿತು. ಆಹಾರದ ಹೊಣೆ ನನ್ನ ತಲೆಗೆ ಬಂತು. ಅಡುಗೆಮನೆಯ ಉಸ್ತುವಾರಿ ಹೊತ್ತ ಲಂಗರ್ ಕಮಾಂಡರ್ ಹಸಿ ಕೋಳಿಯ ತುಂಡುಗಳನ್ನು ಕೊಟ್ಟರಾದರೂ ಮುಖ ಗಂಟಿಕ್ಕಿಕೊಂಡೇ ಇತ್ತು. ಕೋಳಿ ವಿಶ್ವಸಂಸ್ಥೆಯ ಪಡಿತರ, ತಲೆಲೆಕ್ಕದಲ್ಲಿ ಬರುತ್ತದೆ. ಹದ್ದಿಗೆ ಯಾವ ತಲೆಯ ಲೆಕ್ಕ?

ದುಭಾಷಿಯ ಮೂಲಕ ಇಬೆಲ್ ಅಸ್-ಸಾಕಿಯ ಹಿಮಾ ನೋಡಿಕೊಳ್ಳುವವರಿಗೆ ಸುದ್ದಿ ಹೋಗಿ, ಅವರು ಒಂದೆರಡು ದಿನಗಳಲ್ಲಿ ಜೀಪು ತಂದು ಪೆಟ್ಟಿಗೆಯನ್ನು ಒಯ್ದರು. ಗಾಯ ಮಾಗಿದರೆ ಮುಂದಿನ ಗುಂಪುಗಳ ಜೊತೆ ಬಿಡಬಹುದು, ಇಲ್ಲವಾದರೆ ವಸಂತದವರೆಗೆ ಇಟ್ಟುಕೊಳ್ಳುತ್ತೇವೆ ಎಂದರು. ಕಝಾಕ್ ಸೈನಿಕ ಕಾಲುಚೀಲವನ್ನು ವಾಪಸು ಕೇಳಿದ. ನಾನು ಹೊಸ ಜೊತೆ ಕೊಡುತ್ತೇನೆಂದರೂ ಅವನಿಗೆ ಅದೇ ಬೇಕಿತ್ತು, ಮಾವನಿಗೆ ತೋರಿಸಬೇಕಂತೆ.

ಆ ಸಂಜೆ ಲಂಗರ್ ಕಮಾಂಡರ್ ರಿಜಿಸ್ಟರ್ ಹಿಡಿದು ರೇಡಿಯೊ ಕೋಣೆಯ ಬಾಗಿಲಿಗೇ ಬಂದರು. ‘ಹಕ್ಕಿಯೇನೋ ಹೋಯಿತು. ಅದು ತಿಂದ ಕೋಳಿಯನ್ನು ಯಾರ ಹೆಸರಿಗೆ ಬರೆಯಲಿ?’ ಎಂದರು. ನನ್ನ ಹೆಸರಿಗೇ ಬರೆದುಕೊಳ್ಳಿ ಸಾಹೇಬರೇ ಎಂದೆ. ಅವರು ಸಮಾಧಾನದಿಂದ ಬರೆದುಕೊಂಡು ಹೋದರು. ನಾನು ಸಸ್ಯಾಹಾರಿಗಳ ಪಟ್ಟಿಯಲ್ಲಿರುವುದು ಅವರಿಗೆ ಹೊಳೆದದ್ದು ತಿಂಗಳ ಕೊನೆಯ ತಪಾಸಣೆಯಲ್ಲಿ.