ಗಿರಣಿ ಹಿಂದಿನ ಬೂದಿ

ಶಿವಮೊಗ್ಗದ ಕಡೆ ರೈಸ್ ಮಿಲ್ಲುಗಳ ಹಿಂದೆ ಬೂದಿ ರಾಶಿ ಬಿದ್ದಿರುತ್ತದೆ. ಬಾಯ್ಲರಿಗೆ ಹಾಕಿದ ಭತ್ತದ ಹೊಟ್ಟು ಉರಿದು ಉಳಿದದ್ದು. ಇವತ್ತು ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ ನೋಡಿದೆ. ಹಗುರ, ಆದರೆ ಸಣ್ಣಗೆ ಗರಗರ. ಆ ಗರಗರ ಸಿಲಿಕಾದ್ದು. ಚೆನ್ನಾಗಿ ಸುಟ್ಟ ಬೂದಿಯಲ್ಲಿ ಸಾಮಾನ್ಯವಾಗಿ ಶೇ 85ಕ್ಕಿಂತ ಜಾಸ್ತಿ ಅದೇ ಇರುತ್ತದೆ. ಟೈಲ್ಸ್‌ಗೆ ಜೇಡಿಮಣ್ಣಿನ ಜೊತೆ ಬೆರೆಸುವ ಬೆಣಚುಕಲ್ಲಿನ ಪುಡಿಯೂ ಸಿಲಿಕಾನೇ ಅಲ್ವಾ? ಅದರ ಬದಲು ಒಂದು ಪಾಲು ಈ ಬೂದಿ ಹಾಕಬಹುದು. ಕಪ್ಪು ಬೂದಿಯನ್ನು ಮಾತ್ರ ಸುಮ್ನೆ ಸುರಿಯುವಂತಿಲ್ಲ. ಅದರಲ್ಲಿ ಉಳಿದ ಇದ್ದಿಲು ಗೂಡಿನಲ್ಲಿ ಉರಿದುಹೋಗಿ ಟೈಲ್ಸ್ ಒಳಗೆ ಸಣ್ಣ ತೂತುಗಳಾಗುತ್ತವೆ, ನೀರು ಹೀರುತ್ತದೆ. ಮೊದಲೇ ಇನ್ನೊಮ್ಮೆ ಸುಟ್ಟು ಬೆಳ್ಳಗೆ ಮಾಡಿಕೊಳ್ಳಬೇಕು. ಒಂದು ಕ್ವಿಂಟಾಲ್ ಭತ್ತದಿಂದ ಬರುವ ಹೊಟ್ಟನ್ನು ಸುಟ್ಟರೆ ಸುಮಾರು 4 ಕೆಜಿ ಬೂದಿ. ಇಷ್ಟು ಭತ್ತ ಬೆಳೆಯುವ ಜಿಲ್ಲೆಯಲ್ಲಿ ನಮ್ಮ ಹುಡುಗರು ಯಾರಾದರೂ ಇದನ್ನು ಕೈಗೆತ್ತಿಕೊಳ್ಳಲಿ ಅಂತ ನನಗೆ ತುಂಬಾ ಆಸೆ.